ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ

"ಏನ್ರೀ! ಶಿವನ ಕಾಲು ಗಟಾರಕ್ಕ ಹತ್ಯಾವ, ಕಣ್ಣು ಕಾಣಂಗಿಲ್ಲೇನು?"

ಮನೆಯ ಗೋಡೆಗೆ ‘ಶೀಘ್ರದಲ್ಲೇ’ ಎಂದಿದ್ದ ದೇವರ ಸಿನಿಮಾದ ಪೋಸ್ಟರ್ ಹಚ್ಚುತ್ತಿದ್ದ ಬಸವಂತ ಬೆಚ್ಚಿ ತಿರುಗಿದ. ಅಂಟಿನ ಡಬ್ಬಿ ಅವನ ಅಂಗಿಯ ಮೇಲೇ ಬಿತ್ತು! ಬಾಗಿಲಲ್ಲಿ ನಿಂತಿದ್ದ ನಾಗರತ್ನಾ ಸಿಟ್ಟು ಮರೆತು ನಕ್ಕುಬಿಟ್ಟಳು.

"ಮ್ಯಾಲೆ ಹಚ್ತೇನ್ರಿ. ದೇವರ ಸಿಟ್ಟು ಹೆಂಗೋ ತಡ್ಕೋಬಹುದು, ನಿಮ್ಮ ಸಿಟ್ಟು ಆಗಂಗಿಲ್ಲ," ಅಂದ ಅವನು.

ಎಂಥಾ ಕಣ್ಣು ಇವನದು... ಅಂದುಕೊಂಡವಳೇ ಒಳಗೆ ಓಡಿ ಮಗ್ಗದ ಮುಂದೆ ಕೂತಳು. ಅವತ್ತು ಲಾಳಿ ಎಷ್ಟು ಸಲ ಕೈತಪ್ಪಿತೋ!

ಅದು ತೊಂಬತ್ತೊಂಬತ್ತರ ಇಳಕಲ್ಲು. ಬಸವಂತನೂ ನೇಕಾರರ ಮನೆಯವನೇ, ಆದರೆ ಮಗ್ಗ ಬಿಟ್ಟು ಊರಿನ ಟಾಕೀಸು ನಡೆಸುತ್ತಿದ್ದ. ಕೋಟಿಗಟ್ಟಲೆ ಸುರಿದು ತೆಗೆದ ಶಿವಪುರಾಣದ ಸಿನಿಮಾ ಒಂದನ್ನು ಇಳಕಲ್ಲಿಗೆ ತರಬೇಕೆಂಬುದು ಅವನ ತಲೆ ಹೊಕ್ಕ ಹುಚ್ಚು. ಊರಿಗೆ ಊರೇ ನಗುತ್ತಿತ್ತು. ನಾಗರತ್ನಾ ಮಾತ್ರ ನಗಲಿಲ್ಲ. ನೀರಿಗೆ ಹೋದಾಗ ಒಂದು ಮಾತು, ನೂಲು ತರಲು ಹೋದಾಗ ಒಂದು ಮಾತು... ಹೀಗೇ ಇಬ್ಬರ ಮನಸ್ಸು ಕೂಡಿತು.

ಕೊನೆಗೊಂದು ದಿನ ಬಸವಂತ ಧೈರ್ಯ ಮಾಡಿ ಅವಳ ಅಪ್ಪ ಶಿವಪುತ್ರಪ್ಪನನ್ನೇ ಕೇಳಿದ.

"ಸಿನಿಮಾ ನಂಬಿದಾಂವಗ ಮಗಳನ್ನ ಕೊಡ್ಲೇನು?" ಶಿವಪುತ್ರಪ್ಪ ಗುಡುಗಿದ. "ಈಗಿನ ಹುಡುಗರಿಗೆ ಡ್ಯಾನ್ಸ್ ಬೇಕು, ಫೈಟಿಂಗ್ ಬೇಕು. ದೇವರು ಮನ್ಯಾಗ ಟೀವಿಯೊಳಗ ಪುಗಸಟ್ಟೆ ಬರ್ತಾನ. ಟಿಕೇಟ ತಗೊಂಡು ಯಾರು ನೋಡ್ತಾರಲೇ?"

"ಟೀವಿಯೊಳಗ ದೇವರು ಅಂಗೈಯಷ್ಟ ಇರ್ತಾನ್ರಿ. ಅಂಥಾ ದೊಡ್ಡ ದೇವರನ್ನ ತಲಿ ಎತ್ತಿ ನೋಡಬೇಕು ಅಂತ ಮಂದಿಗೆ ಇನ್ನೂ ಆಸೆ ಐತಿ. ಟಾಕೀಸು ತುಂಬಿದ್ರ ಕೊಡ್ತೀರೇನು?"

"ತುಂಬಿದ್ರ ಬಾ. ಆಗ ನೋಡೂಣು!"

ಹೊರಗೆ ಬಂದವನು ನಾಗರತ್ನಾಳಿಗೆ ಪಿಸುಮಾತಿನಲ್ಲಿ ಹೇಳಿದ, "ಮೊದಲ್ನೇ ಆಟ ತುಂಬಿತು ಅಂದ್ರ ಅವತ್ತ ಸಂಜಿಗೆ ಅವ್ವನ್ನ ಕರ್ಕೊಂಡು ಬರ್ತೇನಿ. ಪಿಚ್ಚರ್ ಬಿತ್ತು ಅಂದ್ರ... ನನಗ ಈ ಊರಾಗ ಮುಖ ಇರಂಗಿಲ್ಲ, ರತ್ನಾ. ನೀ ಅಪ್ಪ ಹೇಳಿದಲ್ಲೆ ಹೂಂ ಅನ್ನು."

ಶಿವಪುತ್ರಪ್ಪನೂ ಕಡಿಮೆ ಆಸಾಮಿಯಲ್ಲ. ಬಾಗಲಕೋಟೆಯ ಹಣಮೇಶನ ಮನೆಯವರಿಗೆ ಹೆಣ್ಣು ನೋಡಲು ಮೊದಲ ಆಟದ ದಿನವೇ ಬರಲು ಹೇಳಿ ಕಳಿಸಿದ.

ಆ ಮಧ್ಯಾಹ್ನ ನಾಗರತ್ನಾ ಕದ್ದು ಟಾಕೀಸಿಗೆ ಓಡಿದಳು. ಆಟ ಶುರುವಾಗಿ ಬಾಗಿಲು ಹಾಕಿತ್ತು. ಅವಳ ಕಣ್ಣು ಮೊದಲು ಹೋಗಿದ್ದು ಮೆಟ್ಟಿಲ ಕಡೆಗೆ. ಹಿಂದೆಲ್ಲ ದೇವರ ಸಿನಿಮಾ ಬಂದರೆ ಟಾಕೀಸೇ ಗುಡಿಯಾಗುತ್ತಿತ್ತಂತೆ, ಒಳಗೆ ಮಂದಿ ಎಷ್ಟಿದ್ದಾರೆಂದು ಹೊರಗಿನ ಚಪ್ಪಲಿ ರಾಶಿ ನೋಡಿಯೇ ಹೇಳುತ್ತಿದ್ದರಂತೆ. ಅವ್ವ ಎಷ್ಟು ಸಲ ಹೇಳಿದ್ದಳು!

ಮೆಟ್ಟಿಲ ಮೇಲೆ ಒಂದೇ ಒಂದು ಚಪ್ಪಲಿ ಇರಲಿಲ್ಲ.

ಯಾರೂ ಬಂದಿಲ್ಲ... ನನ್ನ ಬಸವಂತ ಸೋತುಬಿಟ್ಟ...

ಅವಳು ಅಲ್ಲಿಂದಲೇ ಹಿಂದಿರುಗಿದಳು. ದಾರಿಯುದ್ದಕ್ಕೂ ಅತ್ತಳು. ಮನೆಯಲ್ಲಿ ಬೀಗರು ಕೂತಿದ್ದರು. ಅಪ್ಪ ಕೇಳಿದಾಗ ತಲೆ ಎತ್ತದೆ "ಹೂಂ" ಅಂದಳು. ಸಂಬಂಧ ಗಟ್ಟಿಯಾಯಿತೆಂದು ಹಣಮೇಶನ ತಾಯಿ ಶೇಖವ್ವ ಸಂಭ್ರಮದಿಂದ ಉಡಿ ತುಂಬಿದಳು.

ಉಡಿಯ ಅಕ್ಕಿ ಇನ್ನೂ ಸೆರಗಿನಲ್ಲೇ ಇತ್ತು, ಬೀದಿಯಿಂದ ದನಿ ಕೇಳಿಸಿತು.

"ರತ್ನಾ! ಹೌಸ್‌ಫುಲ್! ನಿಂತು ನೋಡ್ಯಾರ ಮಂದಿ!"

ಹೊಸ್ತಿಲಲ್ಲಿ ಬಸವಂತ. ಹಿಂದೆ ಸಕ್ಕರೆ, ಕಾಯಿ ಹಿಡಿದ ಅವನ ಅವ್ವ. ಅವನ ನಗು ನಾಗರತ್ನಾಳ ಮುಖದಿಂದ ತುಂಬಿದ ಉಡಿಗೆ ಇಳಿದು ಅಲ್ಲೇ ಸತ್ತುಹೋಯಿತು.

ಅವಳಿಗೆ ಆಗ ಹೊಳೆಯಿತು. ಈ ಕಾಲದ ಮಂದಿ ಬಂದಿದ್ದರು, ಆದರೆ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಿದ್ದರು! ಬಾಯಿ ತೆರೆದಳು. ಬೀಗರ ಮುಂದೆ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. ಅವನು ಅವ್ವನ ಕೈ ಹಿಡಿದು ತಿರುಗಿ ನಡೆದುಬಿಟ್ಟ.

ಹಣಮೇಶ ಕೆಟ್ಟವನಲ್ಲ. ಹೆಂಡತಿಯ ಮೌನವನ್ನು ಅವಳ ಸ್ವಭಾವ ಅಂದುಕೊಂಡು ಪ್ರೀತಿಯಿಂದಲೇ ಬಾಳಿದ. ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಮನೆ ಮುಳುಗಿದಾಗ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ಹೊಸ ಮನೆಯ ಸುಣ್ಣದ ವಾಸನೆ ಹೋಗುವ ಮೊದಲೇ ಕಾಮಾಲೆ ಅವನನ್ನು ಎಳೆದೊಯ್ದಿತು. ಉಳಿದವರು ಅತ್ತೆ, ಸೊಸೆ. ನಾಗರತ್ನಾ ಜಂಪರ್ ಹೊಲಿದು ಮನೆ ನಡೆಸಿದಳು. ಶೇಖವ್ವ ಅವಳನ್ನು ಮಗಳೆಂದೇ ಕರೆದಳು.

ಹೀಗೇ ವರ್ಷಗಳು ಸವೆದವು. ಮೊನ್ನೆ ಶೇಖವ್ವ ಹಟ ಹಿಡಿದಳು, "ಕೇಬಲ್ ಹಾಕ್ಸವ್ವ, ದೇವರ ಪಿಚ್ಚರ್ ನೋಡಬೇಕು."

ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದವನು ಬಸವಂತ!

ಕಿವಿಯ ಹತ್ತಿರ ಕೂದಲು ನೆರೆತಿತ್ತು. ಅವಳ ಬರಿ ಹಣೆ ನೋಡಿ ಅವನು ಕಣ್ಣು ತಗ್ಗಿಸಿದ. ಬಗ್ಗಿ ವೈರು ಜೋಡಿಸಿದ. ಒಳಗೆ ಟೀವಿ ಹತ್ತಿತು. ಶೇಖವ್ವ ಪರದೆಗೆ ಕೈ ಮುಗಿದು ಕೂತಳು.

ಹಿತ್ತಲಲ್ಲಿ ನೀರು ಕೊಡುವಾಗ ಅವನೇ ಕೇಳಿದ, "ಅವತ್ತು ಸಂಜಿತನಕ ಯಾಕ ಕಾಯಲಿಲ್ಲ, ರತ್ನಾ? ಪಿಚ್ಚರ್ ವಾರಗಟ್ಲೆ ಓಡ್ತು. ನನಗ ಮಾತ್ರ ಆ ಟಾಕೀಸಿನ್ಯಾಗ ನಿಂದ್ರಾಕ ಆಗಲಿಲ್ಲ. ಊರು ಬಿಟ್ಟು ಇಲ್ಲೆ ಕೇಬಲ್ ಕೆಲಸಾ ಹಿಡಿದೆ."

"ಮಧ್ಯಾಹ್ನ ನಾ ಬಂದಿದ್ದೆ..." ಅಂದಳು ಅವಳು. "ಹೊರಗ ಚಪ್ಲಿ ಇರಲಿಲ್ಲ. ಯಾರೂ ಬಂದಿಲ್ಲಂತ ತಿಳ್ಕೊಂಡೆ."

ಬಸವಂತ ಗೋಡೆ ಹಿಡಿದು ಕೂತುಬಿಟ್ಟ.

"ಅಯ್ಯೋ ಹುಚ್ಚಿ... ಒಳಗ ಮಂದಿ ಅಳಾಕತ್ತಿದ್ರು. ಹೆಣ್ಮಕ್ಕಳು ನಿಂತು ಕೈ ಮುಗೀತಿದ್ರು, ಹುಡುಗ್ರು ಸೀಟಿ ಹೊಡೀತಿದ್ರು. ಭಕ್ತಿ ಹಂಗ ಇತ್ತು. ಚಪ್ಲಿ ಬಿಡೂ ರೂಢಿ ಅಷ್ಟ ಹೋಗಿತ್ತು!"

"ಬಾಗಲಾ ದೂಡಿ ನೋಡಬೇಕಿತ್ತು, ನೋಡಲಿಲ್ಲ. ನಿನ್ನ ಮ್ಯಾಲೆ ಜೀವ ಇತ್ತು, ಬಸವಂತ. ನಂಬಿಗಿ ಸಾಲಲಿಲ್ಲ. ಇವತ್ತಿಗೂ ಅದ ಸುಡತೈತಿ."

ಇಬ್ಬರೂ ಅತ್ತರು. ಕಳೆದುಹೋದ ವರ್ಷಗಳಿಗೆ ಅಳುವುದು ಬಿಟ್ಟರೆ ಇನ್ನೇನು ಮಾಡಲಿಕ್ಕಾಗುತ್ತದೆ?

"ನಾ ಮದುವಿ ಆಗಲಿಲ್ಲ," ಅಂದ ಅವನು. "ಈಗ ಕೇಳಿದ್ರ ನನ್ನ ಕೂಡ ಬಾಳ್ತೀಯೇನು?"

"ಅತ್ತಿನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ."

"ಬಿಟ್ಟು ಬಾ ಅಂತ ಯಾರು ಅಂದ್ರು? ಅವರು ಹೂಂ ಅಂದ್ರ ನಾನ ಈ ಮನಿಗೆ ಬರ್ತೇನಿ."

ನಾಗರತ್ನಾ ಒಳಗೆ ನೋಡಿದಳು. ಶೇಖವ್ವನ ತಲೆಯ ಮೇಲೆ, ಗೋಡೆಯಲ್ಲಿ, ಹಾರ ಹಾಕಿದ ಮಗನ ಫೋಟೋ.

"ಒಪ್ಪಂಗಿಲ್ಲ ಅವರು. ಮಗನ ಜಾಗಾದಾಗ ಇನ್ನೊಬ್ಬಾಂವನ್ನ ಹೆಂಗ ನೋಡ್ತಾರ? ನನಗ ಗೊತ್ತೈತಿ..."

"ನಿನಗ ಗೊತ್ತಿಲ್ಲ, ರತ್ನಾ," ಅವನು ಮೆಲ್ಲಗೆ ಅವಳ ಕೈ ಹಿಡಿದ. "ಹೊರಗ ನಿಂತು ತಿಳ್ಕೊಳ್ಳೂದು ಸಾಕು. ಒಳಗ ಹೋಗಿ ಕೇಳೂಣು."

"ಇಲ್ಲ ಅಂದ್ರ?"

"ಅವರ ಬಾಯಿಂದನ ಕೇಳಿ ಅಳೂಣು... ಇಬ್ಬರೂ ಕೂಡಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಡಿದ ಕೈ ಬಿಡಲಿಲ್ಲ.

"ಅತ್ತಿ..." ಅನ್ನುತ್ತ ಅವಳೇ ಮುಂದಾಗಿ ಒಳಗೆ ನಡೆದಳು.