ಪ್ರಸಾದ ಕೇಳುವ ದಿನ

ಅವನು ಮೊದಲ ಸಲ ನನ್ನ ಜೊತೆ ಮಾತಾಡಿದಾಗ ಅವನ ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂದುಕೊಂಡಿದ್ದೆ.

ಆಗಸ್ಟ್ ತಿಂಗಳ ಮೊದಲ ದಿನ. ಮೀನುಗಾರಿಕೆಯ ಎರಡು ತಿಂಗಳ ರಜೆ ಮುಗಿದು ಕಾಸರಕೋಡಿನ ಬೋಟುಗಳು ಕಡಲಿಗೆ ಹೊರಟಿದ್ದವು. ಅಪ್ಪನ ಬೋಟಿನ ಪೂಜೆ ಮುಗಿದಿತ್ತು. ಆರತಿ ತಟ್ಟೆ ಹಿಡಿದು ಎಲ್ಲರ ಮುಂದೂ ಹೋದೆ. ಎಂಜಿನ್ ಪಕ್ಕ ಕೂತಿದ್ದ ಬಂದರಿನ ಹೊಸ ಮೆಕ್ಯಾನಿಕ್, ಮಾವಳ್ಳಿಯ ರಾಜೀವ, ಕೈ ಚಾಚಲೇ ಇಲ್ಲ.

"ಕೈ ಗ್ರೀಸಾಗಿದ್ರೆ ನಾನೇ ಕುಂಕುಮ ಇಡ್ತೆ," ಅಂದೆ.

"ಬ್ಯಾಡ. ನಂಗೆ ದೇವ್ರಿಲ್ಲ."

ಸೂತಕದವರು ದೇವರ ತಟ್ಟೆ ಮುಟ್ಟುವುದಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಕಡಲಿಗಿಳಿಯುವ ದಿನವೇ ಬೋಟಿನಲ್ಲಿ ಸೂತಕವೇ!

"ಯಾರು ತೀರ್ಕಂಡ್ರು?"

ಅವನು ತಲೆಯೆತ್ತಿ ನೋಡಿದ. ಮೊದಲು ಕಣ್ಣು ನಕ್ಕಿತು, ಆಮೇಲೆ ತುಟಿ. "ಎಲ್ರೂ ಆರಾಮ. ನಿನ್ನೆ ಅಜ್ಜಿ ಎರಡು ಬಂಗಡೆ ಹೆಚ್ಚಿಗೇ ತಿಂದ್ರು. ನಾನು ದೇವ್ರನ್ನ ನಂಬುದಿಲ್ಲ ಅಂದೆ, ಅಷ್ಟೇ."

ನಾಚಿಕೆಯಿಂದ ಸಾಯುವ ಹಾಗಾಯಿತು. ಅದರ ಬೆನ್ನಿಗೇ ಹೆದರಿಕೆ. ದೇವರಿಲ್ಲ ಅನ್ನುವವನು ಮುಟ್ಟಿದ ಎಂಜಿನ್ ನಂಬಿ ಅಪ್ಪ ಕಡಲಿಗೆ ಹೋಗುವುದೇ? ಅವನು ನೋಡಿದ ಬೋಲ್ಟನ್ನೇ ಮತ್ತೆ ಮತ್ತೆ ನೋಡುತ್ತಿದ್ದ.

"ಎಷ್ಟು ಸಲ ನೋಡ್ತ್ರಿ?"

"ಮೂರು ಸಲ. ಬೇರೆಯವ್ರು ಒಂದ್ಸಲ ನೋಡಿ ಉಳಿದದ್ದು ದೇವ್ರಿಗೆ ಬಿಡ್ತ್ರು. ನಂಗೆ ಆ ಅನುಕೂಲ ಇಲ್ಲ."

ಅಪ್ಪ ಸುಖವಾಗಿ ವಾಪಸ್ ಬಂದರು. ಮುಂದಿನ ಸಲವೂ ಬಂದರು. ನಾನು ಮಾತ್ರ ಒಂದಲ್ಲ ಒಂದು ನೆಪ ಹೇಳಿ ಬಂದರಿಗೆ ಹೋಗತೊಡಗಿದೆ. ನನ್ನನ್ನು ಕಂಡ ಕೂಡಲೇ ಅವನು ಹಳೇ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದ. ಹತ್ತೂ ಬೆರಳು ಮುಗಿಯುವವರೆಗೆ ಮುಖ ಎತ್ತುತ್ತಿರಲಿಲ್ಲ. ಆ ಹತ್ತು ಬೆರಳು ಕಾಯುವುದೇ ನನಗೆ ಹಬ್ಬ.

"ಸತ್ಮೇಲೆ ಎಂತದೂ ಇಲ್ಲ ಅಂದ್ರೆ ನಿಂಗೆ ಭಯ ಆಗುದಿಲ್ವಾ?" ಒಂದು ಸಂಜೆ ಕೇಳಿದೆ.

"ಆಗ್ತದೆ. ಅದ್ಕೇ ಇದ್ದಾಗ ಒಬ್ರಿಗೊಬ್ರು ಚೆಂದಾಗಿ ಇರ್ಬೇಕಲ, ಶರ್ಮಿಳಾ."

ನನ್ನ ಹೆಸರು ಅವನ ಬಾಯಲ್ಲಿ ಅಷ್ಟು ಮೆತ್ತಗೆ ಬಂದದ್ದು ಅದೇ ಮೊದಲು.

ಅವನನ್ನೇ ಮದುವೆಯಾಗುತ್ತೇನೆ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ. "ಪ್ರಸಾದ ಕೇಳ್ವ," ಅಂದಳು. ನನಗೆ ಬೈದಿದ್ದರೇ ಚೆನ್ನಾಗಿತ್ತು.

ನಮ್ಮ ಮನೆಯಲ್ಲಿ ಬಾವಿ ತೋಡಿದ್ದೂ ಪ್ರಸಾದ ಕೇಳಿಯೇ. ಪೂಜಾರಿ ಊರ ಗುಡಿಯ ಅಮ್ಮನವರ ಮೂರ್ತಿಯ ಎರಡೂ ಕಡೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಕೂಡದು. ಅಪ್ಪ ಆ ವಾರ ಆಳಸಮುದ್ರದಲ್ಲಿದ್ದರು. ಎಡಕ್ಕೆ ಬಿದ್ದೂ ನಾನು ಹಟ ಹಿಡಿದರೆ, ಆಮೇಲೆ ಬೋಟಿಗೇನಾದರೂ ಆದರೆ? ಊರು ನನ್ನ ಕಡೆ ಬೆರಳು ತೋರಿಸುತ್ತದೆ. ಅದಕ್ಕೆ ಮೊದಲು ನಾನೇ ತೋರಿಸಿಕೊಳ್ಳುತ್ತೇನೆ.

ಪೂಜಾರಿ ಮಂಜಣ್ಣ ನಮಗೆ ದೂರದ ಸಂಬಂಧ. ಹೋಗಿ ಕಾಲು ಹಿಡಿದಂತೆ ಬೇಡಿದೆ. ಅವರು ಅತ್ತಿತ್ತ ನೋಡಿ, "ಬಲಬದಿದು ಸ್ವಲ್ಪ ಸಡಿಲ ಅಂಟಿಸ್ತೆ. ಯಾರಿಗೂ ಹೇಳ್ಬ್ಯಾಡ," ಅಂದರು.

ಓಡಿಹೋಗಿ ರಾಜೀವನಿಗೆ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

"ಅದು ಬ್ಯಾಡ."

"ನಿಂಗೆ ದೇವ್ರೇ ಇಲ್ಲ! ಎಸಳು ಯಾವ ಬದಿ ಬಿದ್ರೆ ನಿಂಗೆ ಎಂತ?"

"ದೇವ್ರು ಇಲ್ಲ. ನಿಮ್ಮಮ್ಮ ಇದ್ದಾರಲ. ಅವ್ರು ಕೈಮುಗಿದು ನಿಂತಾಗ ಮೋಸ ಮಾಡಿ ನಿನ್ನ ಕರ್ಕಂಡು ಹೋಗುದಾ?"

"ಹಂಗಾರೆ ನಾನು ಸಿಗುದಿಲ್ಲ!" ಕೂಗಿಯೇ ಬಿಟ್ಟೆ.

ಅವನ ಕಣ್ಣು ತುಂಬಿದ್ದನ್ನು ನೋಡಿ ನನ್ನ ಸಿಟ್ಟು ಇಳಿದುಹೋಯಿತು. ಹುಟ್ಟಿದಾಗಿನಿಂದ ದೀಪ ಹಚ್ಚಿದ ನಾನು ದೇವರಿಗೇ ಮೋಸ ಮಾಡಲು ಹೊರಟಿದ್ದೆ. ತಡೆದವನು ದೇವರಿಗೆ ಕೈಮುಗಿಯದವನು. ಅವನನ್ನು ಎಷ್ಟು ಪ್ರೀತಿಸುತ್ತೇನೆ ಅಂತ ಆ ಕ್ಷಣ ತಿಳಿಯಿತು. ಅದು ತಿಳಿದದ್ದೇ ಹೆದರಿಕೆ ಇಮ್ಮಡಿಯಾಯಿತು. ಮರಳಿ ಹೋಗಿ ಮಂಜಣ್ಣನಿಗೆ, ಸರಿಯಾಗಿಯೇ ಅಂಟಿಸಿ ಅಂದೆ.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ಅಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ರಾಜೀವ ಅಂಗಳದಲ್ಲೇ ನಿಂತಿದ್ದ. ನಾನು ಎಸಳುಗಳನ್ನೇ ನೋಡುತ್ತಿದ್ದೆ. ಬಲದ ಎಸಳು ಚೂರು ಜಾರಿತು. ಆದರೆ ಅಲ್ಲೇ ಅಂಟಿಕೊಂಡು ನಿಂತಿತು.

ಎಡದ ಎಸಳು ಬಿತ್ತು.

ಅಮ್ಮ ಕಣ್ಣು ತೆರೆದು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ಮಂಜಣ್ಣನ ಹೆಸರು ಬಿಟ್ಟು ಎಲ್ಲ ಹೇಳಿದೆ. ಎಸಳು ಸಡಿಲ ಅಂಟಿಸಲು ಹೇಳಿದ್ದು, ರಾಜೀವ ಬೇಡ ಅಂದದ್ದು, ಯಾಕೆ ಬೇಡ ಅಂದನೆಂಬುದು.

"ಅಂವ ಹಂಗಂದ್ನಾ? ದೇವ್ರು ಇಲ್ದಿದ್ರೂ ನಾನು ಇದ್ದೇನೆ ಅಂತ?"

"ಹೌದಮ್ಮ."

ಅಮ್ಮ ಮೆಟ್ಟಿಲಿಳಿದು ಅವನ ಎದುರಿಗೆ ಹೋದಳು.

"ಎಡಕ್ಕೆ ಆತು, ತಮಾ. ನಂಗೆ ಹೆದರಿಕೆ ಆಗ್ತದೆ."

ಅದೆಲ್ಲ ಸುಳ್ಳು, ಹೆದರಬೇಡಿ ಅನ್ನುತ್ತಾನೆ ಅಂದುಕೊಂಡೆ. ಅವನು ಅನ್ನಲಿಲ್ಲ.

"ನಂಗೂ ಆಗ್ತದೆ, ಅಮ್ಮ. ಕೈ ನೋಡಿ, ಹೆಂಗೆ ನಡುಗ್ತದೆ."

ಅಮ್ಮ ನಿಜವಾಗಿಯೂ ಅವನ ಕೈ ನೋಡಿದಳು. ಆ ನಡುಗುವ ಕೈಯನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡಳು.

"ಹುಡುಗ ಹೆಂಗೆ ಅಂತ ಕೇಳುಕೆ ಬಂದಿದ್ದೆ. ಅದು ನಂಗೆ ಗೊತ್ತಾತು," ಅಂದಳು. "ಇವ್ಳಪ್ಪ ಬಂದ್ಮೇಲೆ ಮನೆಗೆ ಬಾ. ನಾನೇ ಹೇಳ್ತೆ. ಎಸಳು ಎಡಕ್ಕೆ ಬಿದ್ದದ್ದನ್ನೂ ಹೇಳ್ತೆ. ಸುಳ್ಳು ಬ್ಯಾಡ."

ನಾನು ಹೋಗಿ ಅವನ ಇನ್ನೊಂದು ಕೈ ಹಿಡಿದೆ, ಅಮ್ಮನ ಕಣ್ಣೆದುರೇ. ಬೋಟು ಬರಲು ಇನ್ನೂ ಎರಡು ದಿನವಿತ್ತು. ನನ್ನ ಹೆದರಿಕೆ ಹೋಗಿರಲಿಲ್ಲ. ಆದರೆ ಈಗ ಹೆದರಲು ನಾವು ಮೂವರಿದ್ದೆವು.