ಪಾಸಿಲಿಯೊ ತಾತನ ಕೆಮ್ಮು

ಊಟ ಬಲ್ಲವನಿಗೆ ರೋಗವಿಲ್ಲ, ಬೇರೆಯವರ ದನಿಯಲ್ಲಿ ಮಾತು ಬಲ್ಲವಳಿಗೆ ಜಗಳ ತಪ್ಪುವುದಿಲ್ಲ. ಗಾದೆ ಹೀಗಿಲ್ಲ ಎನ್ನಬೇಡಿ. ನುಕುನೋನು ದ್ವೀಪದಲ್ಲಿ ಈಗ ಹೀಗೇ. ಇದು ನಡೆದ ಕಥೆ. ಸುಳ್ಳಾದರೆ ನಾಳೆ ನನ್ನ ಪಾಲಿನ ಮೀನು ನಿಮಗೆ.

ಪೆನೆಹೆಯ ದೋಣಿಮನೆಯಲ್ಲಿ ತೆಂಗಿನಗರಿಯ ಚಾಪೆ ಎತ್ತಿದ ಲೋಸಾಳ ಕೈ ಹಾಗೇ ನಿಂತಿತು. ಕೆಳಗೆ ಬುಟ್ಟಿ ತುಂಬ ದೊಡ್ಡ ದೊಡ್ಡ ಖಾಲಿ ಕಪ್ಪೆಚಿಪ್ಪುಗಳು. ಇನ್ನೂ ಹಸಿ ವಾಸನೆ.

ಇಷ್ಟು ದೊಡ್ಡವು ಸಿಗುವುದು ಒಂದೇ ಕಡೆ, ತೆಂಕಣ ಹವಳದ ದಿಬ್ಬದಲ್ಲಿ. ಅದಕ್ಕೆ ಊರ ಹಿರಿಯರು ಲಾಫು ಹಾಕಿ ಮೂರು ವರ್ಷ. ಲಾಫು ಇರುವಷ್ಟು ದಿನ ಅಲ್ಲಿ ಯಾರೂ ಕೈ ಹಾಕುವಂತಿಲ್ಲ. ಕಾವಲು ಲೋಸಾಳದು.

ಹಿಡಿದದ್ದನ್ನೆಲ್ಲ ಊರ ಕಟ್ಟೆಗೆ ತಂದು, ಮನೆಮನೆಗೆ ಪಾಲು ಹಾಕಿ ತಿನ್ನುವ ಊರಿನಲ್ಲಿ ಕದ್ದು ತಿನ್ನುವುದೆಂದರೆ! ಅದೂ ಇವನು! ಹೋದ ಈಸ್ಟರ್‌ನಲ್ಲಿ, ತಲೆಯ ಹೂಮಾಲೆ ಕಣ್ಣಿಗೆ ಜಾರಿದ್ದರೂ ಸರಿಪಡಿಸಿಕೊಳ್ಳದೆ, "ಮದುವೆ ಆಗ್ತೀಯಾ?" ಎಂದು ತೊದಲಿದ್ದವನು. "ಲಾಫು ತೆಗೆದ ದಿನ ಹೇಳ್ತೀನಿ," ಎಂದಿದ್ದಳು ಲೋಸಾ. ಆ ದಿನಕ್ಕೆ ಎರಡೇ ವಾರ ಉಳಿದಿತ್ತು.

ಅವಳು ಬುಟ್ಟಿ ಹೊತ್ತು ನೇರ ದಡದ ಕಚೇರಿಗೆ ನಡೆದಳು. ದೋಣಿಗಳಿಗೆ ಮಾತಾಡುವ ರೇಡಿಯೊ ಕೈಗೆತ್ತಿಕೊಂಡು, ಹಲ್ಲಿಲ್ಲದವರಂತೆ ತುಟಿ ಒಳಗೆಳೆದು, ಊರ ಹಿರಿಯ ಪಾಸಿಲಿಯೊ ತಾತನಾದಳು.

"ಖ್ಹು! ಖ್ಹು! ಲೋ ಪೆನೆಹೆ, ನಿನ್ನ ಬುಟ್ಟಿ ಸಿಕ್ತು ಕಣೋ! ಈಗಿಂದೀಗ್ಲೇ ದಡಕ್ಕೆ ಬಾ. ಊರಿನ ಮುಂದೆ ನಿಲ್ಲಿಸ್ತೀನಿ ನಿನ್ನ!"

ರೇಡಿಯೊ ಗರಗರ ಎಂದಿತು.

"ಬಂದೆ ತಾತ. ಆದ್ರೆ ಒಂದು ಅನುಮಾನ. ನೀವು ಇಲ್ಲೇ ನನ್ನ ದೋಣೀಲಿ ಕೂತಿದ್ದೀರಲ್ಲಾ?"

ಆ ಮಾತಿನ ಹಿಂದೆಯೇ ರೇಡಿಯೊದಲ್ಲಿ ಒಂದು ಅಸಲಿ ಕೆಮ್ಮು.

ದೋಣಿ ದಡ ಮುಟ್ಟುವಷ್ಟರಲ್ಲಿ ಲೋಸಾಳ ಕಿವಿ ಕೆಂಪಾಗಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಕಳ್ಳ! ತಾತನನ್ನೂ ಸೇರಿಸ್ಕೊಂಡು ತಿಂತಿದ್ದೀಯಾ?"

"ಚಿಪ್ಪಿಗೆ ಚಾಕು ತಾಗಿದ ಗುರುತಿದೆಯಾ, ನೋಡಿದ್ಯಾ?" ಎಂದ ಪೆನೆಹೆ. ಉಪ್ಪುನೀರಿಗೆ ಅವನ ಕಣ್ಣು ಕೆಂಡವಾಗಿತ್ತು.

ನೋಡಿರಲಿಲ್ಲ. ಈಗ ಒಂದೊಂದನ್ನೇ ತಿರುಗಿಸಿದಳು. ಒಂದರ ಮೇಲೂ ಗೀರಿಲ್ಲ.

"ತಿಂದಿದ್ದಲ್ಲ ಕಣೇ, ಸತ್ತಿದ್ದು. ದಿಬ್ಬದ ಮೇಲೆ ನೀರು ಕಾದುಹೋಗಿದೆ. ಮೊದಲು ಬಿಳಿಚ್ಕೊಳ್ತವೆ, ಆಮೇಲೆ ಬಾಯಿ ತೆರೆದು ಸಾಯ್ತವೆ. ಉಳಿದಿರೋವನ್ನ ಆಳದ ತಂಪಿಗೆ ಇಳಿಸ್ತಿದ್ದೀನಿ. ತಾತನ ಒಪ್ಪಿಗೆ ಕೇಳೇ ಶುರು ಮಾಡಿದ್ದು. ಎಂಟು ದಿನ ಆಯ್ತು."

"ಕಾಯೋಳು ನಾನು! ನನಗ್ಯಾಕೆ ಹೇಳ್ಲಿಲ್ಲ?"

"ಅಳ್ತೀಯ ಅಂತ."

"ಅಳೋದಾ? ಕಚ್ತೀನಿ!" ಲೋಸಾ ಚಿಪ್ಪೊಂದನ್ನು ಎದೆಗವಚಿಕೊಂಡು ಕಡಲಿನತ್ತ ಕೂಗಿದಳು. "ನಮ್ಮೂರಲ್ಲಿ ದೀಪ ಉರಿಯೋದೂ ಬಿಸಿಲಿಂದ. ಒಂದು ಮೀನು ಹಿಡಿದ್ರೂ ಹಂಚ್ಕೊಂಡು ತಿಂತೀವಿ. ಹೊಗೆ ಬಿಟ್ಟೋರು ಎಲ್ಲೋ ತಣ್ಣಗಿದ್ದಾರೆ, ಬೇಯ್ತಿರೋದು ನಮ್ಮ ಕಡಲು! ಅವರಿಗೆ ಯಾರು ಹಾಕ್ತಾರೆ ಲಾಫು?"

ಉತ್ತರಿಸಬೇಕಾದವರು ಅಲ್ಲಿರಲಿಲ್ಲ.

ಪೆನೆಹೆಯ ಬೆರಳುಗಳು ಹವಳಕ್ಕೆ ತರಚಿ ಸುಲಿದಿದ್ದವು. ಅವಳ ನೋಟ ಅಲ್ಲಿ ಬಿದ್ದದ್ದೇ ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ. ಅವಳು ಆ ಕೈಯನ್ನು ಎಳೆದು ಹಿಡಿದಳು, ಬೈಯುವಷ್ಟೇ ಬಿರುಸಾಗಿ.

"ನಾಳೆಯಿಂದ ನಾನೂ ಮುಳುಗ್ತೀನಿ. ನನ್ನಿಂದ ಇನ್ನೊಂದು ಸಾವು ಮುಚ್ಚಿಟ್ಟರೆ ನಿನ್ನನ್ನೇ ಮುಳುಗಿಸ್ತೀನಿ!"

ಪಾಸಿಲಿಯೊ ತಾತ ನಿಟ್ಟುಸಿರಿಟ್ಟರು. "ಲಾಫು ಇನ್ನೂ ಐದು ವರ್ಷ ಇರಲಿ, ಮಗಳೇ."

"ಐದಾ?" ಪೆನೆಹೆಯ ಮುಖ ಸೋತ ಹಾಯಿಯಂತೆ ಇಳಿಯಿತು. "ಹಾಗಾದ್ರೆ ನನ್ನ ಉತ್ತರ?"

ಲೋಸಾ ಕೈ ಬಿಡಲಿಲ್ಲ. ಮುಖದ ಸಿಟ್ಟನ್ನೂ ಬಿಡಲಿಲ್ಲ. ತನ್ನ ದನಿಯಲ್ಲಿ ಹೇಳಲು ಮಾತ್ರ ನಾಚಿಕೆ ಅಡ್ಡ ಬಂತು. ತುಟಿ ಒಳಗೆಳೆದುಕೊಂಡಳು.

"ಖ್ಹು! ಖ್ಹು! ಲಾಫು ದಿಬ್ಬಕ್ಕೆ ಕಣೋ, ನನಗಲ್ಲ. ಈ ಭಾನುವಾರವೇ ನಿನ್ನ ಮದುವೆ ಆಗ್ತೀನಿ, ಪೆನೆಹೆ!"

ತಮ್ಮದೇ ದನಿ, ಕೆಮ್ಮಿನ ಸಮೇತ, ಪೆನೆಹೆಯನ್ನು ವರಿಸಿದ್ದು ಕೇಳಿ, ದೋಣಿಯ ಅಂಚು ಹಿಡಿದು, ಉಸಿರು ಸಿಕ್ಕಿಕೊಳ್ಳುವಂತೆ ಅವರಿಬ್ಬರಿಗಿಂತ ಜೋರಾಗಿ ನಕ್ಕವರು ಪಾಸಿಲಿಯೊ ತಾತ.