ಕಾರ್ಡಿಗಾಗಿ ಬದಲಾದ ಬಾವುಟ

"ಹೇಳಲೇ! ಮಾಳಿಗಿ ಮ್ಯಾಲೆ ಆ ಬಾವುಟ ಕಟ್ಟಿದ್ದು ಯಾರು?"

ಗಂಡ ಅರುಣಕುಮಾರನ ಕೂಗಿಗೆ ಪುಷ್ಪಲತಾ ಹೊರಗೋಡಿ ಬಂದು ಮೇಲೆ ನೋಡಿದಳು. ಮಾವ ನಾಗಪ್ಪ ಬದುಕಿರುವತನಕ ತಮ್ಮ ಪಕ್ಷದ ಬಾವುಟ ಇಳಿಸಿದವರಲ್ಲ. ಅವರು ಸತ್ತ ಮೇಲೆ ಮಗನೂ ಇಳಿಸಿರಲಿಲ್ಲ. ಈಗ ಅದೇ ಕೋಲಿನ ಮೇಲೆ ಎದುರು ಪಕ್ಷದ್ದು ಹಾರಾಡುತ್ತಿತ್ತು!

"ನಾನಲ್ರಿ... ದೇವರಾಣಿ ನಾನಲ್ಲ!"

"ನಿನ್ನ ತವರಿನವ್ರು ಆ ಪಕ್ಷದವ್ರು. ಕಾರ್ಡಿನ ಆಸಿಗೆ ನನ್ನ ಮಾನ ಹರಾಜಿಗಿಟ್ಟಿಯಲ್ಲ!"

ಕಾರ್ಡು! ಅದಿಲ್ಲದೆ ಅವಳ ಹೃದಯದ ಆಪರೇಷನ್ ಆಗುವಂತಿರಲಿಲ್ಲ. ಸಹಕಾರ ಸಂಘದ ಸದಸ್ಯರ ಮನೆಯವರಿಗೆ ಸರ್ಕಾರ ಮಾಡಿದ್ದ ಆರೋಗ್ಯ ವಿಮೆ ಅದು. ಬೆಂಗಳೂರಿನಲ್ಲಿ ಸರ್ಕಾರ ಬದಲಾದದ್ದೇ ತಡ, ವಿಮೆಯ ಕಂತು ಏರಿತು. ತಮ್ಮೂರು ಹಂಪಸಾಗರದ ಸಂಘ ಎದುರು ಪಕ್ಷದ ಪಾಲಾಕ್ಷಪ್ಪನ ಕೈ ಸೇರಿತು. ಅವನ ಪಕ್ಷದವರಲ್ಲದವರ ಕಾರ್ಡಿಗೆಲ್ಲ 'ನೋಡೋಣ' ಎಂಬ ಒಂದೇ ಉತ್ತರ. ಊಟಕ್ಕಿಲ್ಲದ ಉಪ್ಪಿನಕಾಯಿ ಇದ್ದರೆಷ್ಟು, ಬಿಟ್ಟರೆಷ್ಟು!

ಪುಷ್ಪಲತಾಳ ಅನುಮಾನವೆಲ್ಲ ಅತ್ತೆ ನೀಲಗಂಗಮ್ಮನ ಮೇಲೆ. ಕೆಲವು ದಿನಗಳಿಂದ ನಳದ ಹತ್ತಿರ ಪಾಲಾಕ್ಷಪ್ಪನ ಹೆಂಡತಿ ಬೊಮ್ಮಮ್ಮನ ಜೊತೆ ಅತ್ತೆಯದು ಗುಸುಗುಸು. ಸೊಸೆಯನ್ನು ಕಂಡರೆ ಬಾಯಿ ಬಂದ್. ರೋಗಿಷ್ಠ ಸೊಸೆಯನ್ನು ಮನೆಯಿಂದ ಅಟ್ಟುವ ಹೂಟವಲ್ಲದೆ ಇನ್ನೇನು? ಅಯ್ಯೋ, ಈ ಮನೆಯಲ್ಲಿ ಯಾರನ್ನು ನಂಬಲಿ...

"ನಡಿ ತವರಿಗೆ!" ಅರುಣಕುಮಾರ್ ಅವಳ ರಟ್ಟೆ ಹಿಡಿದ.

"ಬಿಡಲೇ ಅಕಿನ್ನ! ಕಟ್ಟಿದಾಕಿ ನಾನು." ಬಾಗಿಲಲ್ಲಿ ನೀಲಗಂಗಮ್ಮ ನಿಂತಿದ್ದಳು. ಸೀರೆಯ ತುಂಬ ಮಾಳಿಗೆಯ ಮಣ್ಣು.

"ಅವ್ವಾ! ಅಪ್ಪನ ಬಾವುಟ..."

"ನಿಮ್ಮಪ್ಪನ ಎದಿನೋವಿಗೆ ಆ ಬಾವುಟ ಒಂದು ಗುಳಿಗಿ ತರ್ಲಿಲ್ಲಪ್ಪಾ! ನಾ ಬೊಮ್ಮಮ್ಮನ ಕಾಲು ಹಿಡಿದೀನಿ. 'ಬಾವುಟ ಬದಲಾಗ್ಲಿ, ಮಗ ಬಂದು ಕೇಳ್ಲಿ, ಕಾರ್ಡು ಆಗ್ತೈತಿ' ಅಂತ ಪಾಲಾಕ್ಷಪ್ಪ ಹೇಳ್ಯಾನ. ಮೊದ್ಲ ಹೇಳಿದ್ರ ನೀ ಕೇಳ್ತಿದ್ದೇನು? ಈಕಿ ಹೋದ್ರ ನನಗ ಮಗಳು ಎಲ್ಲಿಂದ ಬರ್ತಾಳ?"

ಮಗಳು! ಪುಷ್ಪಲತಾ ಅತ್ತೆಯ ಕಾಲಿಗೆ ಬಿದ್ದು ಬಿಕ್ಕಿದಳು. ಎಂಥ ತಾಯಿಯ ಮೇಲೆ ಸಂಶಯಪಟ್ಟೆ! ಆದರೂ ಒಳಗೊಂದು ಅಳುಕು... ಆ ಪಾಲಾಕ್ಷಪ್ಪ ಮಾತು ಉಳಿಸಿಕೊಳ್ಳುತ್ತಾನೆಯೇ?

ಅರುಣಕುಮಾರ್ ತಲೆ ಎತ್ತಿ ಆ ಬಾವುಟ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಯಾರ ಮುಂದೆಯೂ ಅವನು ಆ ಟವೆಲ್ ಇಳಿಸಿದ್ದನ್ನು ಅವಳು ಕಂಡಿರಲಿಲ್ಲ.

"ಬ್ಯಾಡ್ರಿ... ನನ್ನ ಸಲುವಾಗಿ ಅವನ ಮುಂದ ಕೈಮುಗೀಬ್ಯಾಡ್ರಿ!"

"ಸುಮ್ನಿರು. ನೀನು ಉಳೀಬೇಕು."

ಅವನು ಪಾಲಾಕ್ಷಪ್ಪನ ಓಣಿಯ ಕಡೆ ತಿರುಗಿದ. ಅತ್ತೆ ಸೊಸೆಯ ಕೈ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತಳು.